ಗುದದ್ವಾರದ ಸ್ಕಿನ್ ಟ್ಯಾಗ್ ತೆಗೆಸಿ ನಾಲ್ಕು ದಿನ ಆಯ್ತು, ಇನ್ನೂ ಎರಡಕ್ಕೆ ಹೋಗಿಲ್ಲ, ಭಯ ಆಗ್ತಿದೆ. ಏನು ಮಾಡಲಿ? ಬರುವ ಸೋಮವಾರ ಆಫೀಸಿಗೆ ಹೋಗಬಹುದಾ?

ನೀವು ಕೇಳಿರುವುದು ಎರಡು ವಿಷಯ. ಆಪರೇಷನ್ ಆಗಿ ನಾಲ್ಕು ದಿನ, ನೋವಿಗೆ ಹೆದರಿ ಇನ್ನೂ ಕಕ್ಕಸಿಗೆ ಹೋಗಿಲ್ಲ, ಏನು ಮಾಡಲಿ ಅನ್ನುವುದು ಒಂದು. ಬರುವ ಸೋಮವಾರ ಆಫೀಸಿಗೆ ಹೋಗಬಹುದಾ ಅನ್ನುವುದು ಇನ್ನೊಂದು. ಆಫೀಸಿನ ವಿಷಯ ಕೊನೆಗೆ ಹೇಳುತ್ತೇನೆ. ಮೊದಲನೆಯದಕ್ಕೆ ಮಾತ್ರ ಈಗಲೇ ಉತ್ತರ: ಇದನ್ನು ಪೂರ್ತಿ ಓದುವುದಕ್ಕೂ ಮುಂಚೆ ನಿಮ್ಮ ಸರ್ಜನ್‌ಗೆ ಫೋನ್ ಮಾಡಿ, ನಾಲ್ಕು ದಿನದಿಂದ ಮೋಷನ್ ಆಗಿಲ್ಲ ಅಂತ ಹೇಳಿ. ಅವರಿಗೆ ಇದು ದಿನಾ ಕೇಳಿಸಿಕೊಳ್ಳುವ ಮಾತು. ಸ್ವಂತ ಬುದ್ಧಿಯಿಂದ ಎನಿಮಾ ಗಿನಿಮಾ ಅಂತ ಮಾತ್ರ ಹೋಗಬೇಡಿ. ಹಸಿ ಗಾಯ ಇರುವ ಜಾಗ ಅದು.

ನಾನು ಡಾಕ್ಟರಲ್ಲ. ಹಾಸನದ ಕಡೆ ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವನು. ದಿನವಿಡೀ ಕುರ್ಚಿಯ ಮೇಲೆ ಕೂರುವ ಕೆಲಸ. ಐದಾರು ವರ್ಷದ ಹಿಂದೆ ನನಗೆ ಫಿಶರ್ ಆಗಿತ್ತು, ಅಂದರೆ ಗುದದ್ವಾರದ ಅಂಚಿನಲ್ಲಿ ಚರ್ಮ ಬಿರಿದಿತ್ತು. ಬಿರುಕು ಮಾಯಿತು, ಆದರೆ ಅದರ ಬಾಯಲ್ಲಿ ಒಂದು ತೊಗಲಿನ ತುಂಡು ಉಳಿದುಕೊಂಡಿತು. ನೋವಿಲ್ಲ. ಆದರೆ ಎಷ್ಟು ತೊಳೆದರೂ ಅದರ ಮಡಿಕೆಯಲ್ಲಿ ಏನಾದರೂ ಉಳಿಯುವುದು, ಸಂಜೆ ಹೊತ್ತಿಗೆ ತುರಿಕೆ. ನಾನು ಮೂಲವ್ಯಾಧಿ ಅಂದುಕೊಂಡು ಎರಡು ವರ್ಷ ಸುಮ್ನೆ ಮುಲಾಮು ಹಚ್ಚಿದೆ. ಸ್ಕಿನ್ ಟ್ಯಾಗ್ ಮುಲಾಮಿಗೆ ಕರಗುವುದಿಲ್ಲ, ಅದು ಬರೀ ಚರ್ಮ. ಕೊನೆಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ತೆಗೆದರು, ಒಳಗೂ ಒಮ್ಮೆ ನೋಡಿದರು. ಅರ್ಧ ಗಂಟೆಯ ಕೆಲಸ. ಸಂಜೆಗೆ ಮನೆಗೆ ಕಳಿಸಿದರು.

ನಿಜವಾದ ಆಪರೇಷನ್ ಮನೆಯಲ್ಲಿ ಶುರುವಾಯಿತು ನೋಡಿ.

ನಾನು ಮಾಡಿದ ದೊಡ್ಡ ತಪ್ಪು ನೀವು ಈಗ ಮಾಡುತ್ತಿರುವುದೇ. ತಿಂದರೆ ತಾನೇ ಹೊರಗೆ ಹೋಗಬೇಕು, ತಿನ್ನದೇ ಇದ್ದರಾಯಿತು ಅಂತ ಲೆಕ್ಕ ಹಾಕಿದೆ. ಲೆಕ್ಕ ಬರೆಯುವವನಲ್ವಾ! ಎರಡು ದಿನ ಬರೀ ಗಂಜಿ, ನೀರೂ ಕಡಿಮೆ. ಮೂರನೇ ದಿನ ಬೆಳಿಗ್ಗೆ ಒತ್ತಡ ಬಂತು, ಹಲ್ಲು ಕಚ್ಚಿ ತಡೆದೆ. ಸಂಜೆ ಮತ್ತೆ ಬಂತು, ಮತ್ತೆ ತಡೆದೆ. ಒಳಗೆ ಕೂತಷ್ಟು ಹೊತ್ತೂ ಕರುಳು ಅದರ ನೀರನ್ನು ಹೀರಿಕೊಳ್ಳುತ್ತಾ ಇರುತ್ತದೆ, ಅದು ಗಟ್ಟಿಯಾಗುತ್ತಾ ಹೋಗುತ್ತದೆ. ಜೊತೆಗೆ ನೋವಿಗೆ ಕೊಟ್ಟಿದ್ದ ಮಾತ್ರೆಗಳಲ್ಲಿ ಟ್ರಮಡಾಲ್ ಇತ್ತು. ಆ ಜಾತಿಯ ಮಾತ್ರೆಗಳು ನೋವಿನ ಜೊತೆ ಕರುಳನ್ನೂ ಮಲಗಿಸುತ್ತವೆ. ಐದನೇ ದಿನ ಹೋಗಲೇಬೇಕಾಯಿತು. ಬೆಣಚುಕಲ್ಲು ಅನ್ನಿ. ಗೋಡೆ ಹಿಡಿದು ಅತ್ತಿದ್ದೇನೆ, ನಲವತ್ತೆರಡು ವರ್ಷದ ಗಂಡಸು.

ಆವತ್ತು ಸಂಜೆ ಫೋನ್ ಮಾಡಿದಾಗ ಡಾಕ್ಟರ್ ಒಂದು ಮಾತು ಹೇಳಿದರು: ಗಾಯದ ಚಿಂತೆ ಬಿಡಿ, ಅದು ತಾನೇ ಮಾಯುತ್ತದೆ, ನೀವು ನೋಡಿಕೊಳ್ಳಬೇಕಾದ್ದು ಮೋಷನ್ ಮೆತ್ತಗಿರುವ ಹಾಗೆ ಅಷ್ಟೇ. ನಾನು ಆ ಐದು ದಿನ ಮಾಡಿದ್ದು ಸರಿಯಾಗಿ ಅದರ ಉಲ್ಟಾ.

ಅವರು ಟ್ರಮಡಾಲ್ ನಿಲ್ಲಿಸಿ ಬರೀ ಪ್ಯಾರಸಿಟಮಾಲ್ ಮಾಡಿದರು, ರಾತ್ರಿಗೆ ಮೋಷನ್ ಮೆತ್ತಗೆ ಮಾಡುವ ಲ್ಯಾಕ್ಟುಲೋಸ್ ಸಿರಪ್ ಬರೆದರು. ಸಿಹಿಯಾಗಿರುತ್ತದೆ, ಹೊಟ್ಟೆ ಸ್ವಲ್ಪ ಗುಡುಗುಡು ಅನ್ನುತ್ತದೆ, ಗ್ಯಾಸ್ ಜಾಸ್ತಿ. ಕುಡಿದ ತಕ್ಷಣ ಕೆಲಸ ಮಾಡುವುದಿಲ್ಲ, ಒಂದೆರಡು ದಿನ ಬೇಕು. ಆಮೇಲೆ ಇಸಬ್‌ಗೋಲ್. ಇದನ್ನು ನಾನು ಮೊದಲೇ ತೆಗೆದುಕೊಳ್ಳುತ್ತಿದ್ದೆ, ಆದರೆ ಅರ್ಧ ಲೋಟ ನೀರಲ್ಲಿ ಕಲಸಿ, ಅಂಬಲಿಯಂತಾದ ಮೇಲೆ ನಿಧಾನಕ್ಕೆ ನುಂಗುತ್ತಿದ್ದೆ. ತಪ್ಪು. ದೊಡ್ಡ ಲೋಟ ತುಂಬ ನೀರಿಗೆ ಹಾಕಿ, ಗಟ್ಟಿಯಾಗುವ ಮೊದಲೇ ಗಟಗಟ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯಬೇಕು. ನೀರು ಕಡಿಮೆಯಾದರೆ ಅದೇ ಒಳಗೆ ಮುದ್ದೆಯಾಗಿ ಕೂರುತ್ತದೆ. ಹಾಗಂತ ಅತಿ ಮಾಡಿ ಭೇದಿಯಾದರೂ ಕಷ್ಟ. ದಿನಕ್ಕೆ ನಾಲ್ಕು ಸಲ ನೀರುನೀರಾಗಿ ಹೋದರೆ ಗಾಯ ಉರಿದು ಕೆಂಡವಾಗುತ್ತದೆ. ಚೆನ್ನಾಗಿ ಕಳಿತ ಬಾಳೆಹಣ್ಣಿನಷ್ಟು ಮೆತ್ತಗೆ, ದಿನಕ್ಕೆ ಒಂದು ಸಲ. ಅಷ್ಟಾದರೆ ಗೆದ್ದಂತೆ. ಎಷ್ಟು ಡೋಸು, ಯಾವುದು ನಿಮಗೆ ಸರಿ ಅನ್ನುವುದನ್ನು ಮಾತ್ರ ನಿಮ್ಮ ಡಾಕ್ಟರನ್ನೇ ಕೇಳಿ.

ಊಟ ಬಿಡಬೇಡಿ. ನನಗೆ ಅಮ್ಮ ದಂಟಿನ ಸೊಪ್ಪು, ಹೆಸರುಕಾಳು ಹಾಕಿ ಖಾರವಿಲ್ಲದ ಸಾರು ಮಾಡುತ್ತಿದ್ದಳು. ಅದರ ಜೊತೆ ಮುದ್ದೆ, ಸಂಜೆ ಪಪ್ಪಾಯಿ, ಮಧ್ಯೆ ಮಧ್ಯೆ ನೀರು ಮಜ್ಜಿಗೆ. ಖಾರ ಒಳಗೆ ಹೋಗುವಾಗ ನಾಲಿಗೆಗೆ ಗೊತ್ತಾಗುವ ಹಾಗೆ ಹೊರಗೆ ಬರುವಾಗ ಗಾಯಕ್ಕೂ ಗೊತ್ತಾಗುತ್ತದೆ. ಎಂಟನೇ ದಿನ ಚಿಕ್ಕಪ್ಪನ ಮನೆಯಿಂದ ಕೋಳಿಸಾರು ಬಂತು, ನಾಲ್ಕು ತುತ್ತು ತಾನೇ ಅಂತ ತಿಂದೆ. ಮಾರನೇ ಬೆಳಿಗ್ಗೆ ಆ ನಾಲ್ಕು ತುತ್ತನ್ನೂ ಎಣಿಸಿದೆ.

ಕಕ್ಕಸಿನ ವಿಷಯ. ನಮ್ಮ ಮನೆಯಲ್ಲಿರುವುದು ನೆಲಮಟ್ಟದ ಕಕ್ಕಸು. ಕುಕ್ಕರಗಾಲಲ್ಲಿ ಕೂತರೆ ಗಾಯ ಎಳೆದಂತಾಗುತ್ತಿತ್ತು. ಅಜ್ಜಿಗೆ ಅಂತ ಚಿಕ್ಕಪ್ಪ ತಂದಿಟ್ಟಿದ್ದ ಕಮೋಡ್ ಚೇರ್ ತರಿಸಿದೆವು. ಕಾಲ ಕೆಳಗೆ ಒಂದು ಮಣೆ ಇಟ್ಟುಕೊಂಡೆ. ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲೆ ಬಂದರೆ ಮುಕ್ಕುವ ಕೆಲಸ ಕಡಿಮೆ. ಒತ್ತಡ ಬಂದಾಗ ಮಾತ್ರ ಹೋಗಿ, ಬಂದಾಗ ತಡೆಯಬೇಡಿ. ಐದು ನಿಮಿಷದಲ್ಲಿ ಆಗಲಿಲ್ಲವೆಂದರೆ ಎದ್ದು ಬನ್ನಿ, ಆಮೇಲೆ ನೋಡೋಣ. ಫೋನ್ ಒಳಗೆ ಒಯ್ಯಬೇಡಿ, ಐದು ನಿಮಿಷ ಅರ್ಧ ಗಂಟೆಯಾಗುತ್ತದೆ. ಉಸಿರು ಕಟ್ಟಬೇಡಿ, ಬಾಯಲ್ಲಿ ಉಸಿರು ಬಿಡುತ್ತಾ ಕೂರಿ. ಡಾಕ್ಟರ್ ಲಿಗ್ನೋಕೇನ್ ಜೆಲ್ ಕೊಟ್ಟಿದ್ದರೆ ಹೋಗುವುದಕ್ಕೆ ಐದು ಹತ್ತು ನಿಮಿಷ ಮುಂಚೆ ಹಚ್ಚಿಕೊಂಡರೆ ಆ ಜಾಗ ಮರಗಟ್ಟಿದಂತಾಗಿ ಧೈರ್ಯ ಬರುತ್ತದೆ. ತೊಳೆಯಲು ಚೊಂಬಿನ ನೀರೇ ಸಾಕು. ಜೆಟ್ ಇದ್ದರೆ ಜೋರಾಗಿ ಬಿಡಬೇಡಿ, ಪೇಪರಿನಲ್ಲಿ ಉಜ್ಜಬೇಡಿ.

ಅಲ್ಲಿಂದ ನೇರವಾಗಿ ಬಿಸಿನೀರಿಗೆ. ಡಿಸ್ಚಾರ್ಜ್ ಚೀಟಿಯಲ್ಲಿ 'ಸಿಟ್ಜ್ ಬಾತ್, ದಿನಕ್ಕೆ 3 ಸಲ' ಅಂತ ಒಂದೇ ಸಾಲು ಬರೆದಿತ್ತು. ಅದು ಯಾವುದೋ ಔಷಧಿ ಅಂದುಕೊಂಡು ನನ್ನ ಹೆಂಡತಿ ಮೆಡಿಕಲ್ ಶಾಪಿನಲ್ಲಿ ಕೇಳಿದ್ದಳು. ವಿಷಯ ಇಷ್ಟೇ: ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಕುಂಡೆ ಮುಳುಗುವಂತೆ 10–15 ನಿಮಿಷ ಕೂರುವುದು. ಕಮೋಡಿನ ಮೇಲೆ ಇಡುವ ಬೇಸಿನ್ನೂ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಕೆಳಗೆ ಕೂತು ಏಳಲು ಆಗದವರಿಗೆ ಅದೇ ವಾಸಿ. ನೀರಿನ ಬಿಸಿಯನ್ನು ಮಗುವಿಗೆ ಎರೆಯುವಾಗ ಮೊಣಕೈ ಅದ್ದಿ ನೋಡುತ್ತಾರಲ್ಲ, ಹಾಗೆ ನೋಡಿ. ಅಮ್ಮ ಹರಳುಪ್ಪು ಹಾಕು ಅಂದಳು, ಅತ್ತೆ ಡೆಟಾಲ್ ಅಂದರು, ಪಕ್ಕದ ಮನೆಯವರು ಅರಿಶಿನ ಅಂದರು. ಡಾಕ್ಟರ್ ಬರೀ ನೀರು ಅಂದರು, ನಾನು ಡಾಕ್ಟರ್ ಮಾತು ಕೇಳಿದೆ. ಮೋಷನ್ ಆದ ಮೇಲೆ ಆ ಜಾಗದ ಸ್ನಾಯು ಹಗ್ಗದಂತೆ ಬಿಗಿದುಕೊಳ್ಳುತ್ತದೆ, ಅರ್ಧ ನೋವು ಅದರದ್ದೇ. ಬೆಚ್ಚನೆ ನೀರಿಗೆ ಅದು ಸಡಿಲವಾಗುವುದು ನಿಮಗೇ ಗೊತ್ತಾಗುತ್ತದೆ. ಏಳುವಾಗ ಮಾತ್ರ ಏನಾದರೂ ಹಿಡಿದು ನಿಧಾನಕ್ಕೆ ಏಳಿ, ಕೆಲವರಿಗೆ ತಲೆ ಸುತ್ತುತ್ತದೆ.

ಹೇಳಲು ಸಂಕೋಚ, ಆದರೂ ಉಪಯೋಗಕ್ಕೆ ಬಂದೀತು. ಮೊದಲ ರಾತ್ರಿ ನನಗೆ ಮೂತ್ರವೂ ಕಟ್ಟಿತ್ತು. ಬೆನ್ನಿನ ಇಂಜೆಕ್ಷನ್ ಆದವರಲ್ಲಿ, ನೋವಿಗೆ ಮೈ ಬಿಗಿ ಹಿಡಿದವರಲ್ಲಿ ಇದು ಆಗುತ್ತದಂತೆ. ಬೆಚ್ಚನೆ ಟಬ್ಬಿನಲ್ಲಿ ಕೂತ ಎರಡೇ ನಿಮಿಷಕ್ಕೆ ಅಲ್ಲೇ ಆಯಿತು. ಆ ನೀರು ಚೆಲ್ಲಿ ಬೇರೆ ತುಂಬಿಕೊಂಡೆ, ಅಷ್ಟೇ. ಆದರೆ ಆರೆಂಟು ಗಂಟೆಯಾದರೂ ಮೂತ್ರ ಹೋಗದೆ ಕೆಳಹೊಟ್ಟೆ ಉಬ್ಬಿದರೆ ಕಾಯಬಾರದು, ಆಸ್ಪತ್ರೆಗೆ ಹೋಗಬೇಕು.

ನೀರಿಂದ ಎದ್ದ ಮೇಲೆ ಒರೆಸಬೇಡಿ, ಒತ್ತಿ. ಅಪ್ಪನ ಹಳೇ ಪಂಚೆಯ ಮೆತ್ತನೆ ಬಟ್ಟೆ ಹರಿದು, ಒಗೆದು, ಬಿಸಿಲಿಗೆ ಒಣಗಿಸಿ ಇಟ್ಟಿದ್ದರು. ಗಾಯವನ್ನು ಹೊಲಿಯದೆ ಹಾಗೇ ಬಿಟ್ಟಿದ್ದರಿಂದ ಸುಮಾರು ಎರಡು ಮೂರು ವಾರ ಹಳದಿ ನೀರಿನಂಥದ್ದು, ಒಮ್ಮೊಮ್ಮೆ ರಕ್ತದ ಬಣ್ಣದ್ದು, ಜಿನುಗುತ್ತಿತ್ತು. ಅಲ್ಲಿ ಹೊಲಿಯದೆ ಬಿಡುವುದು ಮಾಮೂಲು, ಗಾಯ ತಳದಿಂದ ತುಂಬಿಕೊಂಡು ಬರುತ್ತದೆ. ನಿಮಗೆ ಹೊಲಿಗೆ ಹಾಕಿದ್ದರೆ ಅದು ಕರಗುವ ದಾರ ಇರಬಹುದು, ಯಾವತ್ತೋ ಒಂದು ತುಂಡು ಬಿದ್ದರೆ ಗಾಬರಿಯಾಗಬೇಡಿ. ಜಿನುಗುವುದಕ್ಕೆ ಹೆಂಗಸರು ಬಳಸುವ ಪ್ಯಾಡೇ ಸರಿ. ಮೊದಲ ಪ್ಯಾಕೆಟ್ ತರಲು ನಾನೇ ಹೋಗಿದ್ದೆ, ಅಂಗಡಿಯವನು ಪೇಪರಿನಲ್ಲಿ ಸುತ್ತಿ ಕೊಟ್ಟ. ಯಾರಿಗಪ್ಪಾ ಅಂತ ಅವನು ಕೇಳಲಿಲ್ಲ, ಪುಣ್ಯ.

ರಕ್ತ ಕಂಡರೆ ಎದೆ ಧಸಕ್ಕೆನ್ನುತ್ತದೆ. ಒಂದೆರಡು ತೊಟ್ಟು ರಕ್ತ ಟಬ್ಬಿನ ನೀರನ್ನೆಲ್ಲ ಕೆಂಪಗೆ ಮಾಡುತ್ತದೆ, ನೋಡಲು ಜಾಸ್ತಿ ಕಾಣುತ್ತದೆ. ಮೋಷನ್ ಆದಾಗ ಸ್ವಲ್ಪ ಬಂದು ನಿಂತರೆ ಪರವಾಗಿಲ್ಲ. ಆದರೆ ಬಟ್ಟೆ ಒತ್ತಿ ಹತ್ತು ನಿಮಿಷವಾದರೂ ನಿಲ್ಲದಿದ್ದರೆ, ಪ್ಯಾಡ್ ರಕ್ತದಲ್ಲಿ ತೊಯ್ದು ಹೋದರೆ, ಗಡ್ಡೆಗಡ್ಡೆಯಾಗಿ ಬಂದರೆ ಆಗಲೇ ಆಸ್ಪತ್ರೆಗೆ ಹೊರಡಿ. ಜ್ವರ 100.4 ಡಿಗ್ರಿ ದಾಟಿದರೆ, ಚಳಿ ನಡುಕ ಬಂದರೆ, ಕೀವು ವಾಸನೆ ಬಂದರೆ, ಅಥವಾ ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರುತ್ತಾ ಹೋದರೆ ಕೂಡ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಾದರೆ ಅದನ್ನು ಮೊದಲೇ ಹೇಳಿ.

ಆರನೇ ದಿನ ನಾನು ಇನ್ನೊಂದು ಎಡವಟ್ಟು ಮಾಡಿದೆ. ಫೋನಿನಲ್ಲಿ ಆ ಜಾಗದ ಫೋಟೋ ತೆಗೆದು ನೋಡಿದೆ. ಟ್ಯಾಗ್ ಇದ್ದ ಕಡೆಯೇ ಮೊದಲಿಗಿಂತ ದಪ್ಪಗೆ ಏನೋ ಊದಿಕೊಂಡಿದೆ! ಮತ್ತೆ ಬೆಳೆಯಿತು, ದುಡ್ಡೂ ಹೋಯಿತು ಅಂತ ರಾತ್ರಿ ನಿದ್ದೆ ಇಲ್ಲ. ಅದು ಗಾಯದ ಅಂಚಿನ ಬಾವು ಅಷ್ಟೇ. ಆರು ವಾರ ಆಗುವವರೆಗೆ ನೋಡಲೇಬೇಡಿ ಅಂದರು ಡಾಕ್ಟರ್, ನಗುತ್ತಾ. ನಿಜ, ಒಂದು ತಿಂಗಳ ಹೊತ್ತಿಗೆ ಚಪ್ಪಟೆಯಾಗಿತ್ತು. ಮೂರನೇ ವಾರ ತುರಿಕೆ ಶುರುವಾಗುತ್ತದೆ, ಗಾಯ ಮಾಯುವಾಗಿನದ್ದು. ಕೆರೆಯಬೇಡಿ, ಟಬ್ಬಿಗೆ ಹೋಗಿ ಕೂರಿ. ತೆಗೆದ ತುಂಡನ್ನು ಪರೀಕ್ಷೆಗೆ ಕಳಿಸಿದ್ದರೆ ಆ ರಿಪೋರ್ಟ್ ಕೇಳಿ ತೆಗೆದುಕೊಳ್ಳಿ, ಎಷ್ಟೋ ಜನ ಮರೆತುಬಿಡುತ್ತಾರೆ. ಮತ್ತೆ, ಬಸ್ ಸ್ಟ್ಯಾಂಡಿನ ಗೋಡೆ ಮೇಲೆ 'ಮೂಲವ್ಯಾಧಿ, ಭಗಂದರಕ್ಕೆ ಗ್ಯಾರಂಟಿ ಚಿಕಿತ್ಸೆ' ಅಂತ ಬರೆದಿರುತ್ತಲ್ಲ, ಈ ಹೊತ್ತಿನಲ್ಲಿ ಆ ಕಡೆ ತಲೆ ಹಾಕಬೇಡಿ.

ನೆಂಟರ ಕಾಟ ನಿಮಗೂ ಇದ್ದೇ ಇರುತ್ತದೆ. ನಾವು ಎಲ್ಲರಿಗೂ ಸಣ್ಣ ಆಪರೇಷನ್ ಅಂದಿದ್ದೆವು. ನೋಡಲು ಬಂದ ಸೋದರಮಾವ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು, 'ಎಲ್ಲಿಗೋ ಆಪರೇಷನ್?' ಅಂದರು. 'ಹಾಸನದಲ್ಲೇ ಮಾವ' ಅಂದೆ. ಒಳಗೆ ಹೆಂಡತಿ ನಕ್ಕಿದ್ದು ಕೇಳಿಸಿತು.

ಈಗ ಸೋಮವಾರದ ವಿಷಯ. ನಿಮ್ಮದು ಎಂಥ ಕೆಲಸ ಅಂತ ಬರೆದಿಲ್ಲ. ನಡೆದಾಡುವ ಕೆಲಸವಾದರೆ, ಮೋಷನ್ ಸರಿಯಾಗಿದ್ದರೆ, ಡಾಕ್ಟರ್ ಹೂಂ ಅಂದರೆ ಹೋಗಬಹುದು. ನಾನು ಹತ್ತನೇ ದಿನ ಹೋದೆ, ಕ್ಲೋಸಿಂಗ್ ಇತ್ತು. ಮೂರು ಗಂಟೆ ಏಳದೆ ಕೂತೆ, ಮನೆಗೆ ಬರುವಷ್ಟರಲ್ಲಿ ಪ್ಯಾಡ್ ಪೂರ್ತಿ ಒದ್ದೆ, ಮತ್ತೆರಡು ದಿನ ರಜೆ. ಆಮೇಲೆ ಮುಕ್ಕಾಲು ಗಂಟೆಗೊಮ್ಮೆ ಎದ್ದು ಕಾಗದ ಪತ್ರ ತರುವ ನೆಪದಲ್ಲಿ ಓಡಾಡಿದೆ. ನಡುವೆ ತೂತಿರುವ ರಬ್ಬರ್ ರಿಂಗ್ ಯಾರೋ ಕೊಟ್ಟರು, ನನಗೆ ಅದರಲ್ಲಿ ಕೂತರೆ ಕೆಳಗೆ ಜೋತುಬಿದ್ದಂತಾಗಿ ನೋವು ಜಾಸ್ತಿಯಾಯಿತು. ಮೆತ್ತನೆ ದಿಂಬೇ ಹಿತ. ಬೈಕ್ ಮೂರು ವಾರ ಮುಟ್ಟಲಿಲ್ಲ. ನಮ್ಮೂರಿನ ಹಂಪುಗಳ ಮೇಲೆ ಆ ಸಾಹಸ ಬೇಡ. ಬಸ್ಸಿನಲ್ಲಿ ಹೋಗುವುದಾದರೆ ಹಿಂದಿನ ಸೀಟು ಖಾಲಿ ಇದ್ದರೂ ನಿಂತೇ ಹೋಗಿ. ಭಾರ ಎತ್ತುವ ಕೆಲಸವಾದರೆ ಸೋಮವಾರ ಖಂಡಿತ ಬೇಡ.

ಫೋನ್ ಮಾಡಿದ್ರಾ? ಮಾಡಿಲ್ಲವಾದರೆ ಮೊದಲು ಮಾಡಿ. ಡಾಕ್ಟರ್ ಏನಂದರು, ಮೋಷನ್ ಆಯಿತಾ ಅಂತ ಕೆಳಗೆ ಒಂದು ಸಾಲು ಬರೆಯಿರಿ, ನಾಳೆ ಬೆಳಿಗ್ಗೆ ನೋಡುತ್ತೇನೆ.