240 ಹರ್ಟ್ಸೋ 360 ಹರ್ಟ್ಸೋ ಎಂದು ಕೇಳುವ ಮೊದಲು, ರಾತ್ರಿ ಆ ಮಾನಿಟರಿಗೆ ಕರೆಂಟ್ ಸಿಗುತ್ತದೆಯೇ ನೋಡಿ

ನಿಮ್ಮ ಪ್ರಶ್ನೆಯಲ್ಲಿರುವ ಎಲ್ಲವೂ ನನಗೆ ಗುರುತಿನದೇ: ಕಲಬುರಗಿಯಲ್ಲಿ ಮಾಳಿಗೆಯ ಮೇಲಿನ ಕೋಣೆ, 144 ಹರ್ಟ್ಸಿನ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಹಳೆಯ ಐಪಿಎಸ್ (ಹಿಂಬದಿ ದೀಪವಿರುವ ಎಲ್‌ಸಿಡಿ ಬಗೆಯ) ಮಾನಿಟರ್, ವ್ಯಾಲೊರಂಟ್ ಎಂಬ ಆನ್‌ಲೈನ್ ಶೂಟಿಂಗ್ ಆಟದಲ್ಲಿ ಇನ್ನೊಂದು ರ‍್ಯಾಂಕ್ ಏರಬೇಕೆಂಬ ಹಟ, ಮತ್ತು ಒಎಲ್‌ಇಡಿ (ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಪರದೆ) ಕೊಳ್ಳುವುದಾದರೆ 240 ಹರ್ಟ್ಸಿನದು ಸಾಕೇ, 360ರದೇ ಬೇಕೇ ಎಂಬ ಪ್ರಶ್ನೆ. ನಾನೂ ಇದನ್ನೇ ಕೇಳುತ್ತ ತಿಂಗಳುಗಟ್ಟಲೆ ವಿಡಿಯೊಗಳನ್ನು ನೋಡಿದೆ. ನನಗೆ ಕೊನೆಗೆ ನಷ್ಟ ತಂದ ಸಂಗತಿಯನ್ನು ಆ ವಿಡಿಯೊಗಳಲ್ಲಿ ಯಾರೂ ಒತ್ತಿ ಹೇಳಿರಲಿಲ್ಲ.

ನಾನು ಇಲ್ಲಿನ ಒಂದು ದಾಲ್ ಮಿಲ್ಲಿನ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹಗಲೆಲ್ಲ ಮನೆಯಲ್ಲೇ ಕುಳಿತು ಟ್ಯಾಲಿಯಲ್ಲಿ ಬಿಲ್ಲುಗಳನ್ನು ಏರಿಸುವುದು, ರಾತ್ರಿ ಊಟವಾದ ಮೇಲೆ ಗೆಳೆಯರ ತಂಡದೊಂದಿಗೆ ಆಡುವುದು. ಎರಡಕ್ಕೂ ಒಂದೇ ಕಂಪ್ಯೂಟರ್, ಒಂದೇ ಮಾನಿಟರ್. 27 ಇಂಚಿನ 1440ಪಿ (ಎತ್ತರದಲ್ಲಿ 1440 ಪಿಕ್ಸೆಲ್‌ಗಳಿರುವ) ಒಎಲ್‌ಇಡಿಗಳು 2023ರಲ್ಲಿ 240 ಹರ್ಟ್ಸಿನೊಂದಿಗೆ ಬಂದವು, 2024ರಲ್ಲಿ 360 ಮತ್ತು 480 ಹರ್ಟ್ಸಿನವೂ ಬಂದವು. ನಾನು ಕೊಂಡದ್ದು 240ರದು. ಮೊದಲ ರಾತ್ರಿ ಆಟದ ಅಸೆಂಟ್ ಎಂಬ ಮ್ಯಾಪಿನ ನಡುಭಾಗದಲ್ಲಿ ಎದುರಾಳಿಯೊಬ್ಬ ಅಡ್ಡ ಓಡಿದಾಗ ಅವನ ಅಂಚು ಅಷ್ಟು ಸ್ಪಷ್ಟವಾಗಿ ಕಂಡಿತು. ಹಳೆಯ ಐಪಿಎಸ್‌ನಲ್ಲಿ ಅವನ ಹಿಂದೆ ಯಾವಾಗಲೂ ಎಳೆದುಕೊಂಡು ಬರುತ್ತಿದ್ದ ಮಸುಕು ನೆರಳು ಇಲ್ಲಿ ಇರಲೇ ಇಲ್ಲ. ಆ ಸಂತೋಷ ನಿಜವಾದದ್ದು, ಅದನ್ನು ನಾನು ಇಂದಿಗೂ ಅಲ್ಲಗಳೆಯುವುದಿಲ್ಲ. ಎಲ್‌ಸಿಡಿಯ ಪಿಕ್ಸೆಲ್ ಒಂದು ಬಣ್ಣದಿಂದ ಇನ್ನೊಂದಕ್ಕೆ ತಿರುಗಲು ಕೆಲವು ಮಿಲಿಸೆಕೆಂಡ್ ತೆಗೆದುಕೊಂಡರೆ, ಒಎಲ್‌ಇಡಿ ತಯಾರಕರು ಹೇಳಿಕೊಳ್ಳುವುದು 0.03 ಮಿಲಿಸೆಕೆಂಡ್; ಈ ಅಂಕಿಯಲ್ಲಿ ಜಾಹೀರಾತಿನ ಪಾಲು ಎಷ್ಟೇ ಇರಲಿ, ಕಣ್ಣಿಗೆ ಕಾಣುವ ವ್ಯತ್ಯಾಸ ಮಾತ್ರ ದೊಡ್ಡದು.

ಇನ್ನು ನನ್ನ ತಪ್ಪಿನ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ನಮ್ಮ ಭಾಗದಲ್ಲಿ ಇರುವವರೆಲ್ಲರೂ ಇದೇ ತಪ್ಪನ್ನು ಮಾಡುವ ಸಾಧ್ಯತೆ ಇದೆ.

ಒಎಲ್‌ಇಡಿ ಪರದೆಯ ಹಿಂದೆ ದೀಪವಿರುವುದಿಲ್ಲ. ಪ್ರತಿಯೊಂದು ಪಿಕ್ಸೆಲ್ ತಾನೇ ಬೆಳಗುತ್ತದೆ, ಬೆಳಗಿದಷ್ಟೂ ಸವೆಯುತ್ತದೆ. ಎಲ್ಲ ಪಿಕ್ಸೆಲ್‌ಗಳೂ ಸಮನಾಗಿ ಸವೆದರೆ ತೊಂದರೆಯಿಲ್ಲ. ಆದರೆ ಟಾಸ್ಕ್‌ಬಾರ್, ಟ್ಯಾಲಿಯ ಬಲಬದಿಯ ಬಟನ್‌ಗಳ ಪಟ್ಟಿ, ಆಟದ ಎಡ ಮೂಲೆಯ ಮಿನಿಮ್ಯಾಪ್, ಕೆಳಗಿನ ಗುಂಡುಗಳ ಎಣಿಕೆ ಇವೆಲ್ಲ ಗಂಟೆಗಟ್ಟಲೆ ಒಂದೇ ಕಡೆ ನಿಲ್ಲುವುದರಿಂದ ಅಲ್ಲಿನ ಪಿಕ್ಸೆಲ್‌ಗಳ ಸವೆತ ಉಳಿದವುಗಳಿಗಿಂತ ಬೇರೆಯಾಗುತ್ತದೆ. ಈ ವ್ಯತ್ಯಾಸವನ್ನು ಸರಿದೂಗಿಸುವ ಏರ್ಪಾಡು ಮಾನಿಟರಿನ ಒಳಗೇ ಇದೆ. ಸಾಮಾನ್ಯವಾಗಿ ಒಟ್ಟು ಬಳಕೆ ಸುಮಾರು 4 ಗಂಟೆ ದಾಟಿದ ಮೇಲೆ, ನೀವು ಪರದೆಯನ್ನು ಆರಿಸಿದಾಗ ಅಥವಾ ಅದು ಸ್ಟ್ಯಾಂಡ್‌ಬೈಗೆ ಹೋದಾಗ, ಮಾನಿಟರ್ ಕೆಲವು ನಿಮಿಷಗಳ ಕಾಲ ತನ್ನ ಪಿಕ್ಸೆಲ್‌ಗಳನ್ನು ಅಳೆದು, ಅವುಗಳಿಗೆ ಹರಿಯುವ ವಿದ್ಯುತ್ತನ್ನು ಹೊಂದಿಸಿಕೊಳ್ಳುತ್ತದೆ. ಒಬ್ಬ ತಯಾರಕರು ಇದನ್ನು ಪಿಕ್ಸೆಲ್ ಕ್ಲೀನಿಂಗ್ ಎನ್ನುತ್ತಾರೆ, ಇನ್ನೊಬ್ಬರು ಪಿಕ್ಸೆಲ್ ರಿಫ್ರೆಶ್ ಎನ್ನುತ್ತಾರೆ, ಕೆಲಸ ಒಂದೇ. ಪರದೆ ಕಪ್ಪಾಗಿರುತ್ತದೆ, ಎಷ್ಟೋ ಮಾದರಿಗಳಲ್ಲಿ ಒಂದು ಸಣ್ಣ ದೀಪ ಮಾತ್ರ ಮಿನುಗುತ್ತಿರುತ್ತದೆ. ಇದೆಲ್ಲ ನಡೆಯಬೇಕಾದರೆ ಆ ಹೊತ್ತಿನಲ್ಲಿ ಗೋಡೆಯಿಂದ ಕರೆಂಟ್ ಬರುತ್ತಿರಲೇಬೇಕು.

ನಮ್ಮ ಮನೆಗಳಲ್ಲಿ ಮಲಗುವ ಮುನ್ನ ಏನು ಮಾಡುತ್ತಾರೆ ಎಂಬುದು ನಿಮಗೂ ಗೊತ್ತು. ಬೇಸಿಗೆಯ ಕೊನೆಯಲ್ಲಿ ಗಾಳಿ, ಗುಡುಗು, ಮಿಂಚು ಶುರುವಾದರೆ ವೋಲ್ಟೇಜ್ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ಹೇಳಲಾಗದು. ನಮ್ಮ ಓಣಿಯಲ್ಲೇ ಒಂದು ಸಿಡಿಲಿಗೆ ಪಕ್ಕದವರ ಟಿವಿ ಸುಟ್ಟುಹೋಗಿತ್ತು. ಅಂದಿನಿಂದ ನಮ್ಮವ್ವ ದಿನಾಲೂ ಕೆಳಗಿನಿಂದಲೇ ಕೂಗಿ ಕೇಳುತ್ತಿದ್ದಳು: “ಮಲ್ಕೊಳ್ಳೂಮುಂದ ಎಲ್ಲಾ ಬಟನ್ ಬಂದ್ ಮಾಡೀಯೇನೋ?” ನಾನು ಆಟ ಮುಗಿಸಿ, ಕಂಪ್ಯೂಟರನ್ನು ಶಟ್‌ಡೌನ್ ಮಾಡಿ, ಒಡನೆಯೇ ಬೋರ್ಡಿನ ಸ್ವಿಚ್ಚನ್ನೂ ಆರಿಸಿ ಮಲಗುತ್ತಿದ್ದೆ. ಅಂದರೆ ಮಾನಿಟರ್ ತನ್ನ ಕೆಲಸವನ್ನು ಆರಂಭಿಸುವ ಕ್ಷಣಕ್ಕೇ ಅದರ ಕರೆಂಟನ್ನು ನಾನೇ ಕತ್ತರಿಸುತ್ತಿದ್ದೆ, ಅದೂ ದಿನಬಿಟ್ಟು ದಿನವಲ್ಲ, ಪ್ರತಿರಾತ್ರಿ. ಹಗಲಿನಲ್ಲಿ ಪರದೆಯ ಮೇಲೆ ‘ಪಿಕ್ಸೆಲ್ ಕ್ಲೀನಿಂಗ್ ಈಗ ನಡೆಸಲೇ’ ಎಂಬ ಸೂಚನೆ ಆಗಾಗ ಬರುತ್ತಿತ್ತು. ಬಿಲ್ಲುಗಳ ನಡುವೆ ಬಂದರೆ ಕೆಲಸ ನಿಲ್ಲುತ್ತದೆಂದು, ಮ್ಯಾಚಿನ ನಡುವೆ ಬಂದರೆ ಆಟ ಕೆಡುತ್ತದೆಂದು ಅದನ್ನು ರದ್ದು ಮಾಡುತ್ತಿದ್ದೆ. ಹೇಗಿದ್ದರೂ ರಾತ್ರಿ ಆರಿಸಿದಾಗ ಅದು ತಾನಾಗಿಯೇ ಮಾಡಿಕೊಳ್ಳುತ್ತದೆ ಎಂದು ನಂಬಿದ್ದೆ. ಕೈಪಿಡಿಯಲ್ಲಿ ಪ್ಲಗ್ ತೆಗೆಯಬೇಡಿ ಎಂದು ಬರೆದಿತ್ತು. ಆ ಪುಟವನ್ನು ನಾನು ತೆರೆದದ್ದು ಎಲ್ಲ ಮುಗಿದ ಮೇಲೆ.

ಗುರುತು ಮೊದಲು ಕಂಡದ್ದು ಆಟದಲ್ಲಲ್ಲ, ಒಂದು ಮಧ್ಯಾಹ್ನ ಬೂದುಬಣ್ಣದ ಖಾಲಿ ಕಿಟಕಿಯೊಂದನ್ನು ಪೂರ್ತಿ ಪರದೆಗೆ ಹಿಗ್ಗಿಸಿದಾಗ. ಗೋಡೆಯಿಂದ ಕ್ಯಾಲೆಂಡರ್ ತೆಗೆದಾಗ ಉಳಿಯುವ ಚೌಕದಂತೆ, ಪರದೆಯ ಬಲಬದಿಯಲ್ಲಿ ಟ್ಯಾಲಿಯ ಬಟನ್‌ಗಳ ಪಟ್ಟಿ, ಕೆಳಗೆ ಟಾಸ್ಕ್‌ಬಾರಿನ ಗೆರೆ, ಎಡ ಮೂಲೆಯಲ್ಲಿ ಮಿನಿಮ್ಯಾಪಿನ ಸುತ್ತು ತೆಳ್ಳಗೆ ಮೂಡಿ ನಿಂತಿದ್ದವು. ಧೂಳಿರಬೇಕೆಂದು ಮೆತ್ತನೆಯ ಬಟ್ಟೆಯಿಂದ ಒರೆಸಿದೆ. ಆಮೇಲೆ ಮೆನುವಿನಿಂದಲೇ ಆ ಪಿಕ್ಸೆಲ್ ಕ್ಲೀನಿಂಗ್ ನಡೆಸಿ, ಪೂರ್ತಿ ಮುಗಿಯುವವರೆಗೆ ಸ್ವಿಚ್ ಮುಟ್ಟದೆ ಕಾದೆ. ಮಿನಿಮ್ಯಾಪಿನ ಸುತ್ತು ಬಹುಮಟ್ಟಿಗೆ ಹೋಯಿತು, ಟ್ಯಾಲಿಯ ಪಟ್ಟಿ ಉಳಿಯಿತು. ಹೀಗೆ ಪರದೆಯ ಮೇಲೆ ಶಾಶ್ವತವಾಗಿ ಉಳಿಯುವ ಗುರುತಿಗೆ ಬರ್ನ್-ಇನ್ ಎನ್ನುತ್ತಾರೆ; ವಾರಂಟಿ ಪತ್ರದಲ್ಲಿ ಅದು ಸೇರಿರಲಿಲ್ಲ. ಕೊನೆಗೆ ಆ ಗುರುತನ್ನು ತೋರಿಸಿಯೇ, ಕೊಂಡ ಬೆಲೆಯ ಅರ್ಧಕ್ಕಿಂತ ಕಡಿಮೆಗೆ ಪರಿಚಯದವರೊಬ್ಬರಿಗೆ ಕೊಟ್ಟೆ. ಹಗಲೆಲ್ಲ ಅಲುಗಾಡದ ಲೆಕ್ಕದ ಹಾಳೆ ನಿಂತಿದ್ದುದು ಇದರ ಮೂಲ ಕಾರಣ ಎಂಬುದನ್ನು ಒಪ್ಪುತ್ತೇನೆ. ಆದರೆ ಅದನ್ನು ತಡೆಯಲೆಂದೇ ಇದ್ದ ಏರ್ಪಾಡನ್ನು ನಿಲ್ಲಿಸಿದ್ದು ಬೋರ್ಡಿನ ಸ್ವಿಚ್ಚು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 240 ಹರ್ಟ್ಸಿನಲ್ಲಿ ಒಂದು ಚಿತ್ರ ಪರದೆಯ ಮೇಲೆ 4.17 ಮಿಲಿಸೆಕೆಂಡ್ ನಿಲ್ಲುತ್ತದೆ, 360ರಲ್ಲಿ 2.78. ಎರಡರ ಅಂತರ 1.4 ಮಿಲಿಸೆಕೆಂಡನ್ನೂ ಮುಟ್ಟುವುದಿಲ್ಲ. 60ರಿಂದ 144ಕ್ಕೆ ಬಂದಾಗ ನಿಮಗೆ ಸಿಕ್ಕ ಲಾಭ ಸುಮಾರು 9.7 ಮಿಲಿಸೆಕೆಂಡ್, ಅಂಥ ಜಿಗಿತ ಇನ್ನು ಯಾವ ಮಾನಿಟರಿನಿಂದಲೂ ಸಿಗುವುದಿಲ್ಲ. ನೀವು ವೈ-ಫೈಯಲ್ಲಿ ಆಡುತ್ತಿರುವುದಾಗಿ ಬರೆದಿದ್ದೀರಿ. ಕಲಬುರಗಿಯಿಂದ ಮುಂಬೈ ಸರ್ವರಿಗೆ ಸಂದೇಶ ಹೋಗಿಬರಲು ಹಿಡಿಯುವ ಸಮಯ, ಅಂದರೆ ಪಿಂಗ್, ಕೆಳಗಿನ ಮನೆಯ ರೂಟರಿನಿಂದ ಮಾಳಿಗೆಯ ಮೇಲಿನ ಕೋಣೆಗೆ ಗೋಡೆ ದಾಟಿ ಬರುವಾಗಲೇ ಹತ್ತಾರು ಮಿಲಿಸೆಕೆಂಡ್ ಏರಿಳಿಯಬಲ್ಲದು. ಆ ಏರಿಳಿತವನ್ನು ಹಾಗೆಯೇ ಬಿಟ್ಟು ಸುಮಾರು 1.4 ಮಿಲಿಸೆಕೆಂಡಿಗಾಗಿ ಹತ್ತಾರು ಸಾವಿರ ಸುರಿಯುವುದು ನನಗೆ ಸರಿಕಾಣುವುದಿಲ್ಲ. ಮೊದಲು ರೂಟರಿನಿಂದ ಕೋಣೆಗೆ ಲ್ಯಾನ್ ಕೇಬಲ್ ಎಳೆಸಿ.

ನಿಮ್ಮ ಕಂಪ್ಯೂಟರಿನ ಬಗೆಗೂ ಇದೇ ಮಾತು. ಮಾನಿಟರ್ 360 ಹರ್ಟ್ಸಿನದಾದರೆ ಆಟವೂ ಸೆಕೆಂಡಿಗೆ 360 ಚಿತ್ರಗಳನ್ನು ಕೊಡಬೇಕು. ಅಭ್ಯಾಸದ ಖಾಲಿ ರೇಂಜಿನಲ್ಲಿ ಕೊಟ್ಟರೆ ಸಾಲದು, ಹತ್ತು ಜನರ ಸ್ಮೋಕ್, ಫ್ಲ್ಯಾಶ್, ಗೋಡೆಗಳೆಲ್ಲ ಒಂದೇ ಜಾಗದಲ್ಲಿ ಸೇರಿದಾಗಲೂ ಕೊಡಬೇಕು. ವ್ಯಾಲೊರಂಟ್‌ನಲ್ಲಿ ಇದು ಗ್ರಾಫಿಕ್ಸ್ ಕಾರ್ಡಿಗಿಂತ ಹೆಚ್ಚಾಗಿ ಪ್ರೊಸೆಸರನ್ನು ಅವಲಂಬಿಸಿದೆ. ನನ್ನ ಯಂತ್ರ ಗದ್ದಲದ ಕ್ಷಣಗಳಲ್ಲಿ 200ಕ್ಕಿಂತ ಕೆಳಗೆ ಇಳಿಯುತ್ತಿತ್ತು. ಫ್ರೇಮ್‌ಗಳು ಹೀಗೆ ಏರಿಳಿಯುವಾಗ ವಿಆರ್‌ಆರ್ (ಪರದೆಯ ಹರ್ಟ್ಸನ್ನು ಫ್ರೇಮ್‌ಗಳಿಗೆ ತಕ್ಕಂತೆ ಬದಲಿಸುವ ಸೌಲಭ್ಯ) ಚಾಲೂ ಇದ್ದರೆ ಒಎಲ್‌ಇಡಿಯ ಕತ್ತಲೆಯ ಭಾಗಗಳು ಮಿನುಗತೊಡಗುತ್ತವೆ, ಅದು ಕಣ್ಣಿಗೆ ಬಹಳ ಕಿರಿಕಿರಿ. ನಾನು ಅದನ್ನು ಬಂದ್ ಮಾಡಿಯೇ ಆಡುತ್ತಿದ್ದೆ.

ನಮ್ಮ ಊರಿನ ಬಿಸಿಲಿನ ಮಾತೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ, ಮಾಳಿಗೆಯ ಮೇಲಿನ ಕೋಣೆಯ ಸ್ಥಿತಿ ಅದಕ್ಕಿಂತ ಕಷ್ಟ. ಬಹಳಷ್ಟು ಮಾನಿಟರುಗಳ ಕೈಪಿಡಿಯಲ್ಲಿ ಬಳಕೆಯ ಗರಿಷ್ಠ ತಾಪಮಾನ ಎಂದು ಬರೆದಿರುವುದು ಅದೇ 40. ಶಾಖ ಹೆಚ್ಚಿದಷ್ಟೂ ಒಎಲ್‌ಇಡಿಯ ಸವೆತವೂ ಹೆಚ್ಚು. ಸ್ಯಾಮ್‌ಸಂಗ್ ತಯಾರಿಸುವ ಕ್ಯೂಡಿ-ಒಎಲ್‌ಇಡಿ ಪರದೆಗಳಲ್ಲಿ ಹೊರಗಿನ ಬೆಳಕಿನ ಪ್ರತಿಫಲನವನ್ನು ತಗ್ಗಿಸುವ ಪೋಲರೈಸರ್ ಪದರ ಇರುವುದಿಲ್ಲ. ಹಗಲಿನ ಬೆಳಕು ಬಿದ್ದರೆ ಅವುಗಳ ಕಪ್ಪು ನೇರಳೆ ಮಿಶ್ರಿತ ಬೂದಾಗಿ ಕಾಣುತ್ತದೆ, ಒಎಲ್‌ಇಡಿಯ ದೊಡ್ಡ ಹೆಮ್ಮೆಯೇ ಅಲ್ಲಿಗೆ ಮುಗಿಯಿತು. ಕಿಟಕಿ ತೆರೆದೇ ಆಡುವವರಿಗೆ ಎಲ್‌ಜಿಯ ಡಬ್ಲ್ಯೂಒಎಲ್‌ಇಡಿ ಎಂಬ ಇನ್ನೊಂದು ಬಗೆಯ ಪರದೆ, ಅದರಲ್ಲೂ ಹೊಳಪಿಲ್ಲದ ಮ್ಯಾಟ್ ಮೇಲ್ಮೈಯದು ವಾಸಿ. ಇನ್ನೊಂದು ಸಂಗತಿ ಓದು ಬರಹ ಮಾಡುವವರಿಗೆ: ಎರಡೂ ಬಗೆಯ ಬಹಳಷ್ಟು ಪರದೆಗಳಲ್ಲಿ ಬಣ್ಣದ ಉಪಪಿಕ್ಸೆಲ್‌ಗಳ ಜೋಡಣೆ ಎಲ್‌ಸಿಡಿಯಂತೆ ಇರುವುದಿಲ್ಲವಾದ್ದರಿಂದ ಸಣ್ಣ ಅಕ್ಷರಗಳ ಅಂಚಿನಲ್ಲಿ ಬಣ್ಣದ ಎಳೆ ಕಾಣುತ್ತದೆ. ಕನ್ನಡದ ಒತ್ತಕ್ಷರಗಳಲ್ಲಿ, ‘ಷ್ಟ್ರ’ದಂಥವುಗಳಲ್ಲಿ, ಇದು ಇಂಗ್ಲಿಷಿಗಿಂತ ಹೆಚ್ಚು ಎದ್ದು ಕಾಣುತ್ತಿತ್ತು.

ನೀವು ಹೇಳಿದಷ್ಟು ಹಣ ನನ್ನ ಕೈಯಲ್ಲಿದ್ದರೆ ಒಳ್ಳೆಯ 240 ಹರ್ಟ್ಸಿನ ಐಪಿಎಸ್ ಮಾನಿಟರ್ ತೆಗೆದುಕೊಂಡು, ಉಳಿದದ್ದನ್ನು ಪ್ರೊಸೆಸರಿಗೆ ಹಾಕುತ್ತೇನೆ. ನೀವು ಹಗಲು ಅದರಲ್ಲೇ ಕೋಡ್ ಬರೆಯುತ್ತೀರಿ, ನೋಟ್ಸ್ ಓದುತ್ತೀರಿ. ನಿಂತ ಚಿತ್ರಕ್ಕೆ ಐಪಿಎಸ್ ಹೆದರುವುದಿಲ್ಲ. ಗೆಲ್ಲುವುದೊಂದೇ ಗುರಿಯಾಗಿದ್ದ ಕೌಂಟರ್-ಸ್ಟ್ರೈಕ್ ಆಟದ ವೃತ್ತಿಪರರು ಎಷ್ಟೋ ವರ್ಷ ಆಡಿದ್ದು ಬೆನ್‌ಕ್ಯೂ ಜೋವಿ ಕಂಪನಿಯ, ಟಿಎನ್ ಎಂಬ ಹಳೆಯ ಬಗೆಯ ಎಲ್‌ಸಿಡಿ ಪರದೆಗಳ ಮುಂದೆ. ಅವುಗಳ ಬಣ್ಣ ಮಂಕು, ಆದರೆ ಹಿಂಬದಿ ದೀಪವನ್ನು ಫ್ರೇಮಿನ ಲಯಕ್ಕೆ ಮಿಟುಕಿಸಿ ಚಲನೆಯ ಮಸುಕನ್ನು ತಗ್ಗಿಸುತ್ತವೆ. ಆಟದಲ್ಲಿ ಮೇಲೇರಲು ಒಎಲ್‌ಇಡಿ ಅನಿವಾರ್ಯವಲ್ಲ ಎನ್ನುವುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಇಷ್ಟಾದ ಮೇಲೂ ಒಎಲ್‌ಇಡಿಯೇ ಬೇಕು ಎನ್ನುವುದಾದರೆ, ಆ ಆಸೆ ನನಗೆ ಅರ್ಥವಾಗುತ್ತದೆ. ಆಗ 360ರ ಬದಲು 240ರದನ್ನು ತೆಗೆದುಕೊಳ್ಳಿ, ಉಳಿದ ಹಣದಲ್ಲಿ ಮಾನಿಟರಿಗೆ ಮತ್ತು ರೂಟರಿಗೆಂದೇ ಒಂದು 600 ವಿಎ ಯುಪಿಎಸ್ ಕೊಳ್ಳಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂಬದಿಯಲ್ಲಿ ಯುಪಿಎಸ್ ಮೋಡ್‌ನ ಸ್ವಿಚ್ ಇದೆಯೇ ನೋಡಿ. ಸಾಮಾನ್ಯ ಮೋಡ್‌ನಲ್ಲಿ ಕರೆಂಟ್ ಹೋಗಿ ಬರುವ ಅಂತರಕ್ಕೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡಬಹುದು. ರಾತ್ರಿ ಆಟ ಮುಗಿದ ಮೇಲೆ ಮಾನಿಟರನ್ನು ಅದರ ಬಟನ್ನಿನಿಂದ ಆರಿಸಿ, ದೀಪ ಮಿನುಗುವುದು ನಿಂತ ಮೇಲೆಯೇ ಬೋರ್ಡಿನ ಸ್ವಿಚ್ಚಿಗೆ ಕೈ ಹಾಕಿ; ಸಿಡಿಲಿನ ಭಯವಿದ್ದವರಿಗೂ ಅಷ್ಟು ಹೊತ್ತು ಕಾಯುವುದು ಕಷ್ಟವಲ್ಲ. ಮನೆಯವರಿಗೂ ಇದನ್ನು ಬಿಡಿಸಿ ಹೇಳಿ, ಇಲ್ಲವಾದರೆ ನೀವು ಕಾಲೇಜಿಗೆ ಹೋದಾಗ ಅವರೇ ಸ್ವಿಚ್ ಆರಿಸುತ್ತಾರೆ. ಟಾಸ್ಕ್‌ಬಾರ್ ತಾನಾಗಿ ಅಡಗುವಂತೆ ಮಾಡಿ, ಹಗಲಿನ ಕೆಲಸಕ್ಕೆ ಬೆಳಕನ್ನು ತಗ್ಗಿಸಿ, ಹಳೆಯ 144ನ್ನು ಮಾರದೆ ಓದಿಗೆ ಅದನ್ನೇ ಪಕ್ಕದಲ್ಲಿಟ್ಟುಕೊಳ್ಳಿ.

ಕೊಳ್ಳುವಾಗ ಬರ್ನ್-ಇನ್ ಸೇರಿದೆ ಎಂದು ಭಾರತದ ವಾರಂಟಿ ಪತ್ರದಲ್ಲೇ ಬರೆದಿರಬೇಕು. ಅಂಗಡಿಯವರ ಬಾಯಿಮಾತು, ಹೊರದೇಶದ ಜಾಲತಾಣದ ಬರಹ ಎರಡನ್ನೂ ನೆಚ್ಚಬೇಡಿ. ಪೆಟ್ಟಿಗೆ ಬಿಚ್ಚುವುದನ್ನು ವಿಡಿಯೊ ಮಾಡಿ. ಕತ್ತಲ ಕೋಣೆಯಲ್ಲಿ ಕಡು ಬೂದು ಮತ್ತು ನಡು ಬೂದು ಬಣ್ಣದ ಚಿತ್ರಗಳನ್ನು ಪೂರ್ತಿ ಪರದೆಗೆ ಹಾಕಿ ನೋಡಿ, ಡಿಸ್‌ಪ್ಲೇಪೋರ್ಟ್ ಕೇಬಲ್ ಜೋಡಿಸಿ, ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ 240 ಆರಿಸಿದ್ದೀರಾ ಎಂದು ಖಚಿತ ಮಾಡಿಕೊಳ್ಳಿ. ಎಷ್ಟೋ ಸಲ ಅದು 60ರಲ್ಲೇ ಉಳಿದಿರುತ್ತದೆ. ಈ ಪರೀಕ್ಷೆಗಳನ್ನೆಲ್ಲ ವಾಪಸಿನ ಅವಧಿ ಮುಗಿಯುವುದರೊಳಗೆ ಮಾಡಿ.