ಕೇರಳದ ತೇಕ್ಕಡಿಯಲ್ಲಿ ದೋಣಿ ಹತ್ತಿದರೆ ಹುಲಿ ಕಾಣಿಸುತ್ತದೆಯೇ? ಮೇ ರಜೆಯಲ್ಲಿ ಮಕ್ಕಳೊಂದಿಗೆ ಹೋಗಬಹುದೇ?

ಹುಲಿಗಾಗಿಯೇ ಹೋಗುವುದಾದರೆ ಬೇಡ. ನಾನು ಮೂರು ಸಲ ಹೋಗಿದ್ದೇನೆ, ಅದರ ಬಾಲವೂ ಕಂಡಿಲ್ಲ. ತೇಕ್ಕಡಿಯ ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶ 925 ಚದರ ಕಿಲೋಮೀಟರ್ ಹಬ್ಬಿದೆ; ದೋಣಿ ಸುತ್ತುವುದು ನೀರಿನ ಅಂಚನ್ನು ಮಾತ್ರ. ಆನೆ, ಕಾಟಿ, ಕಡವೆ ಕಂಡರೆ ಸಾಕು ಎನ್ನುವವರಾದರೆ ಖಂಡಿತ ಹೋಗಿ.

ಆದರೆ ಮೇ ಕೊನೆಯವರೆಗೆ ಕಾಯಬೇಡಿ. ಮಾರ್ಚ್, ಏಪ್ರಿಲ್‌ನಲ್ಲಿ ಕಾಡಿನೊಳಗಿನ ಹೊಂಡಗಳು ಬತ್ತಿ, ಆನೆಗಳು ಮರಿಗಳೊಂದಿಗೆ ನೀರಿಗೆ ಇಳಿದು ಬರುತ್ತವೆ. ಮಳೆ ಹಿಡಿಯಿತೆಂದರೆ ಅವುಗಳಿಗೆ ಎಲ್ಲೆಲ್ಲೂ ನೀರು, ಕೆರೆಯ ಹಂಗೇ ಇಲ್ಲ. ಒಮ್ಮೆ ಜುಲೈನಲ್ಲಿ ಹೋಗಿ ಒಣ ಮರಗಳನ್ನಷ್ಟೇ ನೋಡಿ ಬಂದೆವು. ದುಡ್ಡು ನೀರಿಗೆ ಹೋಯಿತೆಂದು ಭಾವ ಊರು ತಲುಪುವವರೆಗೂ ಗೊಣಗಿದರು.

ನನ್ನನ್ನು ಕೇಳಿದರೆ ಆ ಒಣ ಮರಗಳನ್ನೇ ನೋಡಬೇಕು. ಇದು ತಾನಾಗಿ ಆದ ಸರೋವರವಲ್ಲ. ಬ್ರಿಟಿಷ್ ಎಂಜಿನಿಯರ್ ಪೆನ್ನಿಕ್ವಿಕ್ ಮುಂದಾಳತ್ವದಲ್ಲಿ 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟೆಯಿಂದ ಕಣಿವೆ ಮುಳುಗಿತು. ಪಡುವಣಕ್ಕೆ ಹರಿಯುತ್ತಿದ್ದ ನೀರನ್ನು ಬೆಟ್ಟ ಕೊರೆದು ಮೂಡಣದ ತಮಿಳುನಾಡಿನ ಗದ್ದೆಗಳಿಗೆ ತಿರುಗಿಸಿದರು. ಆಗ ಮುಳುಗಿದ ಕಾಡಿನ ಬೊಡ್ಡೆಗಳು ಇಂದಿಗೂ ನೀರಿನ ನಡುವೆ ನಿಂತಿವೆ. ಕಬಿನಿ ಹಿನ್ನೀರು ಕಂಡವರಿಗೆ ಈ ನೋಟ ಹೊಸತಲ್ಲ. ಇಲ್ಲಿನವು ಅದಕ್ಕಿಂತ ಬಹಳ ಹಳೆಯವು. ನೀರುಕಾಗೆಗಳು ಅವುಗಳ ಮೇಲೆ ರೆಕ್ಕೆ ಹರಡಿ ಒಣಗಿಸುತ್ತಿರುತ್ತವೆ. ಮೈಯೆಲ್ಲ ಮುಳುಗಿಸಿ ಕತ್ತನ್ನಷ್ಟೇ ಹೊರಗಿಟ್ಟು ಈಜುವುದು ಹಾವಕ್ಕಿ. ಮಕ್ಕಳಿಗೆ ತೋರಿಸಿ, ಹಾವೆಂದೇ ಕೂಗುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಸಲುಗೆ ಬೇಡ. 2009ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ದೋಣಿ ಮಗುಚಿ 45 ಮಂದಿ ಸತ್ತರು. ಆನೆ ಕಂಡ ಕೂಡಲೇ ಎಲ್ಲರೂ ಒಂದೇ ಬದಿಗೆ ನುಗ್ಗುವ ಚಾಳಿ ನಮ್ಮವರಿಗೆ ಇನ್ನೂ ಹೋಗಿಲ್ಲ. ಲೈಫ್ ಜಾಕೆಟ್ ತೊಟ್ಟು, ಮಕ್ಕಳ ಕೈ ಹಿಡಿದು ಕುಳಿತಲ್ಲೇ ಕುಳಿತಿರಿ.

ಮಕ್ಕಳು ದೊಡ್ಡವರಾಗಿದ್ದರೆ, ದೋಣಿಗಿಂತ ಅರಣ್ಯ ಇಲಾಖೆಯ ಬಿದಿರಿನ ತೆಪ್ಪವೇ ಮೇಲು. ಎಂಜಿನ್ ಗದ್ದಲವಿಲ್ಲ. ದಾರಿ ತೋರಿಸಲು ಜೊತೆಗೆ ಬರುವವರಲ್ಲಿ ಹಿಂದೆ ಇದೇ ಕಾಡಿನಿಂದ ಕಾಡುದಾಲ್ಚಿನ್ನಿಯ ತೊಗಟೆ ಕದ್ದು ಸಾಗಿಸುತ್ತಿದ್ದವರೂ ಇದ್ದಾರೆ. ಮೊಕದ್ದಮೆ ಬಿಟ್ಟು ಇಲಾಖೆ ಅವರನ್ನೇ ಕಾವಲಿಗೆ ನಿಲ್ಲಿಸಿತು. ನಮ್ಮೊಂದಿಗೆ ಬಂದವರು ದಾರಿಯಲ್ಲಿ ಬಿದ್ದಿದ್ದ ಎಲೆಯೊಂದನ್ನು ಹಿಚುಕಿ ನನ್ನ ಮೂಗಿನ ಹತ್ತಿರ ಹಿಡಿದರು. ನಮ್ಮ ಮನೆಯ ಪಲಾವಿನ ಘಮ. ‘ಇದಕ್ಕೇ ಜೈಲಿಗೆ ಹೋಗಿದ್ದೆ’ ಎಂದು ನಕ್ಕರು.