ಒತ್ತಿಟ್ಟ ಜರಿಗಿಡ ಕಪ್ಪಾದರೆ ಹರ್ಬೇರಿಯಂಗೆ ಆಗುತ್ತದೆಯೇ?

ಆಗುಂಬೆಯಿಂದ ಮಳೆಗಾಲದಲ್ಲಿ ತಂದ ಜರಿಗಿಡದ ಗರಿಗಳು ಪೇಪರ್ ನಡುವೆ ಕಪ್ಪಾಗಿವೆ, ಬಿಸಾಡಬೇಕೇ ಎಂದು ಕೇಳಿದ್ದೀರಿ. ಬೇಡ. ಬರೀ ಬಣ್ಣ ಹೋಗಿದ್ದರೆ ಮಾದರಿ ಹರ್ಬೇರಿಯಂಗೆ, ಅಂದರೆ ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳ ಸಂಗ್ರಹಕ್ಕೆ, ಬಳಕೆಗೆ ಬರುತ್ತದೆ. ಆದರೆ ಬೂಷ್ಟು ಹಿಡಿದದ್ದನ್ನು ಉಳಿದವುಗಳ ಜೊತೆ ಇಡಬೇಡಿ.

ಕಪ್ಪಾಗುವುದು ನಿಧಾನವಾಗಿ ಒಣಗುವುದರಿಂದ. ಮಲೆನಾಡಿನ ಮಳೆಯಲ್ಲಿ ಮೊದಲ ಮೂರು ದಿನ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಪೇಪರ್ ಬದಲಿಸಿ. ನಡುನಡುವೆ ರಟ್ಟು ಇಟ್ಟು ಗಾಳಿಯಾಡಲು ಬಿಡಿ.

ಇನ್ನು ಮುಖ್ಯ ಮಾತು: ಗರಿಯೊಂದನ್ನೇ ಕಿತ್ತು ತಂದರೆ ಗುರುತಿಸುವುದು ಕಷ್ಟ. ನೆಲದೊಳಗಿನ ಕಾಂಡದ ತುಂಡು, ಅದರ ಮೇಲಿನ ಕಂದು ಹೊಟ್ಟಿನಂಥ ಶಲ್ಕಗಳ ಸಮೇತ ಬೇಕು. ದಪ್ಪಗಿದ್ದರೆ ಉದ್ದಕ್ಕೆ ಸೀಳಿ. ಒತ್ತುವಾಗ ಒಂದೆರಡು ಕಿರುಗರಿಗಳನ್ನು ಮಗುಚಿಡಿ. ಹಿಂಬದಿಯ ಬೀಜಕಣದ ಚುಕ್ಕೆಗಳು ಅಂಚಿನಲ್ಲಿವೆಯೋ, ನರದ ಮೇಲಿವೆಯೋ ಕಾಣಬೇಕು. ಹಾಳೆಗೆ ಅಂಟಿಸಿದ ಮೇಲೆ ಮಗುಚಲಾಗದು. ಉದುರಿದ ಪುಡಿಯನ್ನು ಕಾಗದದ ಪೊಟ್ಟಣದಲ್ಲಿ ಹಾಕಿ ಅದೇ ಹಾಳೆಗೆ ಅಂಟಿಸಿ.

ಮರಜರಿಯಾದರೆ ಗರಿಯ ತುದಿ, ನಡು, ಮುಳ್ಳಿರುವ ತೊಟ್ಟಿನ ಬುಡ ಮೂರೂ ಸಾಕು. ಗಿಡದ ಎತ್ತರ, ಗರಿಯ ಉದ್ದ ಚೀಟಿಯಲ್ಲಿ ಬರೆಯಿರಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ.